ನಾಲ್ಕನೆಯ ಕುರ್ಚಿಯಲ್ಲಿ ಯಾರು: ಫ್ಲೆಕ್‌ಟೋನ್ಸ್ ತಂಡದ ಆಲ್ಬಮ್‌ಗಳನ್ನು ಆರಿಸಿಕೊಳ್ಳುವ ಬಗೆ

ಬೇಲಾ ಫ್ಲೆಕ್ ಅಂಡ್ ದ ಫ್ಲೆಕ್‌ಟೋನ್ಸ್ ಎಂಬ ಅಮೆರಿಕದ ವಾದ್ಯತಂಡವು 1990ರಿಂದ 2011ರವರೆಗೆ ಹನ್ನೆರಡು ಆಲ್ಬಮ್‌ಗಳನ್ನು ಹೊರತಂದಿತು. ಬ್ಲೂಗ್ರಾಸ್ ಎಂಬ ಹಳ್ಳಿಗಾಡಿನ ಸಂಗೀತವನ್ನೂ ಜಾಝ್ ಫ್ಯೂಷನ್ ಎಂಬ ಮಹಾನಗರದ ಸಂಗೀತವನ್ನೂ ಒಂದೇ ವೇದಿಕೆಗೆ ತಂದ ತಂಡವೆಂದು ಇದು ಹೆಸರಾಗಿದೆ. ಇದನ್ನು ಹೊಸದಾಗಿ ಕೇಳಹೊರಟವರಿಗೆ ಮೊದಲ ತೊಡಕು ಎದುರಾಗುವುದೇ ಆಯ್ಕೆಯಲ್ಲಿ. ಕಾಲಕ್ರಮವನ್ನು ಹಿಡಿದು ಕೇಳುತ್ತ ಹೋದರೆ ನಾಲ್ಕನೆಯ ಆಲ್ಬಮ್ಮಿಗೆ ಬರುವಷ್ಟರಲ್ಲಿ ನಾದವೇ ಬದಲಾಗಿ, ಇದು ಅದೇ ತಂಡವೇ ಎಂಬ ಅನುಮಾನ ಹುಟ್ಟುತ್ತದೆ. ಗ್ರ್ಯಾಮಿ ಪ್ರಶಸ್ತಿ ಬಂದವುಗಳನ್ನಷ್ಟೇ ಆರಿಸಿಕೊಂಡರೆ ಕ್ರಿಸ್ಮಸ್ ಹಾಡುಗಳ ಆಲ್ಬಮ್ ಒಂದು ಕೈಗೆ ಬರುತ್ತದೆ. ತಂಡದ ಅತ್ಯುತ್ತಮ ಕೆಲಸವೆಂದು ನಾನು ತಿಳಿದಿರುವ 1992ರ ಆಲ್ಬಮ್ ಕೈತಪ್ಪುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳವಾದದ್ದು. ಈ ತಂಡದಲ್ಲಿ ಮೂವರು ಎಂದೂ ಬದಲಾಗಲಿಲ್ಲ. ಬ್ಯಾಂಜೋ ನುಡಿಸುವ ಬೇಲಾ ಫ್ಲೆಕ್, ಬಾಸ್ ಗಿಟಾರಿನ ವಿಕ್ಟರ್ ವೂಟನ್ ಮತ್ತು ಲಯದ ಹೊಣೆ ಹೊತ್ತ, ‘ಫ್ಯೂಚರ್ ಮ್ಯಾನ್’ ಎಂಬ ಹೆಸರಿನಿಂದ ಪರಿಚಿತನಾದ ವಿಕ್ಟರನ ಅಣ್ಣ ರಾಯ್ ವೂಟನ್, ಈ ಮೂವರ ಕುರ್ಚಿಗಳು ಖಾಯಂ ಆದವು. ಬದಲಾದದ್ದು ನಾಲ್ಕನೆಯ ಕುರ್ಚಿ ಮಾತ್ರ. ಆ ಕುರ್ಚಿಯಲ್ಲಿ ಕುಳಿತವರು ಯಾರು, ಅಥವಾ ಅದು ಖಾಲಿಯಿತ್ತೇ ಎಂಬುದನ್ನು ನೋಡಿಕೊಂಡರೆ ಆಲ್ಬಮ್ ಹೇಗಿರಬಹುದೆಂದು ಕೇಳುವ ಮೊದಲೇ ಮುಕ್ಕಾಲು ಪಾಲು ಊಹಿಸಬಹುದು.

ಆದರೆ ಕುರ್ಚಿಗಳ ಲೆಕ್ಕಕ್ಕೆ ಹೋಗುವ ಮೊದಲು ಇಲ್ಲಿ ಬೆರೆತಿರುವ ಎರಡು ಸಂಗೀತಗಳು ಎಂಥವು ಎಂಬುದನ್ನು ತಿಳಿಯಬೇಕು. ಬ್ಲೂಗ್ರಾಸ್ ನಾವು ಅಂದುಕೊಳ್ಳುವಷ್ಟು ಪುರಾತನ ಜಾನಪದವಲ್ಲ. ಕೆಂಟಕಿ ರಾಜ್ಯದ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ತನ್ನ ತಂಡಕ್ಕೆ ಇಟ್ಟ ಬ್ಲೂ ಗ್ರಾಸ್ ಬಾಯ್ಸ್ ಎಂಬ ಹೆಸರಿನಿಂದಲೇ ಈ ಶೈಲಿಗೆ ಹೆಸರು ಬಂತು, ಮತ್ತು 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಯುವಕ ಬ್ಯಾಂಜೋ ಹಿಡಿದು ಆ ತಂಡವನ್ನು ಸೇರಿದ ಮೇಲೆ ಅದಕ್ಕೆ ಇಂದಿನ ರೂಪ ಬಂತು. ಮ್ಯಾಂಡೊಲಿನ್, ಬ್ಯಾಂಜೋ, ಪಿಟೀಲು, ಗಿಟಾರ್ ಮತ್ತು ನಿಂತು ನುಡಿಸುವ ದೊಡ್ಡ ಬಾಸ್, ಇಷ್ಟೇ ಇದರ ವಾದ್ಯಗಳು; ಇವುಗಳಲ್ಲಿ ವಿದ್ಯುತ್ತಿನ ನಂಟಿಲ್ಲ, ಡ್ರಮ್ಮೂ ಇಲ್ಲ. ತಾಳವಾದ್ಯವಿಲ್ಲದ ಸಂಗೀತದಲ್ಲಿ ಅಷ್ಟೊಂದು ಓಟ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಬ್ಯಾಂಜೋದಲ್ಲಿದೆ.

ನಮ್ಮಲ್ಲಿ ಬ್ಯಾಂಜೋ ಎಂದ ಕೂಡಲೇ ಅನೇಕರಿಗೆ ನೆನಪಾಗುವುದು ಟೈಪ್‌ರೈಟರಿನಂತೆ ಗುಂಡಿಗಳಿರುವ ಬುಲ್‌ಬುಲ್ ತರಂಗ. ಆ ವಾದ್ಯಕ್ಕೂ ಇದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಅಮೆರಿಕದ ಬ್ಯಾಂಜೋ ಎಂದರೆ ಗಿಟಾರಿನ ಕತ್ತನ್ನು ಒಂದು ದುಂಡನೆಯ ಚರ್ಮವಾದ್ಯಕ್ಕೆ ಜೋಡಿಸಿದಂತಿರುವ ವಾದ್ಯ. ಗುಲಾಮರಾಗಿ ಹಡಗೇರಿದ ಆಫ್ರಿಕನ್ನರ ನೆನಪಿನಲ್ಲಿ ಅಮೆರಿಕಕ್ಕೆ ಬಂದು ಅಲ್ಲಿ ಮರುಹುಟ್ಟು ಪಡೆದ ಇದರ ತಂತಿಗಳು ಐದು. ಐದನೆಯ ತಂತಿ ಗಿಡ್ಡದು. ಅದು ಕತ್ತಿನ ನಡುವೆ, ಐದನೆಯ ಮೆಟ್ಟಿಲ ಬಳಿಯೇ ಆರಂಭವಾಗುತ್ತದೆ. ವೀಣೆಯ ಪಕ್ಕದ ತಾಳದ ತಂತಿಗಳನ್ನು ಬಲ್ಲವರಿಗೆ ಈ ಏರ್ಪಾಡು ವಿಚಿತ್ರವೆನಿಸುವುದಿಲ್ಲ, ಏಕೆಂದರೆ ಇದರ ಕೆಲಸವೂ ಅದೇ: ಆಗಾಗ ಮೀಟಿಸಿಕೊಂಡು ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ನೆನಪಿಸುತ್ತಿರುವುದು. ಆದರೆ ವೀಣೆಯ ನಾದದಂತೆ ಬ್ಯಾಂಜೋದ ನಾದ ನಿಲ್ಲುವುದಿಲ್ಲ. ಮೀಟಿದ ಮರುಕ್ಷಣವೇ ಅದು ಆರಿಹೋಗುತ್ತದೆ. ಗಮಕಕ್ಕೆ ಅವಕಾಶ ಕಡಿಮೆ, ದೀರ್ಘ ಸ್ವರಕ್ಕಂತೂ ಅವಕಾಶವೇ ಇಲ್ಲ. ಈ ಕೊರತೆಯನ್ನು ತುಂಬಲು ವಾದಕ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ನಖಿಗಳನ್ನು ತೊಟ್ಟು ಎಡೆಬಿಡದೆ ಮೀಟುತ್ತಲೇ ಇರಬೇಕಾಗುತ್ತದೆ.

ಸ್ವಾರಸ್ಯವಿರುವುದು ಇಲ್ಲಿಯೇ. ಮೀಟುವ ಬೆರಳುಗಳು ಮೂರು, ಹಾಡು ನಡೆಯುವುದು ನಾಲ್ಕರ ಎಣಿಕೆಯಲ್ಲಿ. ಹೀಗಾಗಿ ಎಂಟು ಮಾತ್ರೆಗಳನ್ನು ತುಂಬಬೇಕಾದಾಗ ಬೆರಳುಗಳು ಮೂರು, ಮೂರು, ಎರಡು ಎಂದು ಹಂಚಿಕೊಂಡು ಓಡುತ್ತವೆ. ಮೃದಂಗದ ಪಾಠವನ್ನು ಕಿವಿಯಿಂದಲಾದರೂ ಕೇಳಿದವರಿಗೆ ಇದು ‘ತಕಿಟ ತಕಿಟ ತಕ’ ಎಂದು ಕೂಡಲೇ ಹೊಳೆಯುತ್ತದೆ. ಚತುರಶ್ರದ ನೆಲದ ಮೇಲೆ ತಿಶ್ರದ ಹೆಜ್ಜೆಯನ್ನು ಇಡುತ್ತ ಹೋಗುವ ಈ ನಡಿಗೆಯೇ ಬ್ಲೂಗ್ರಾಸಿನ ಓಟದ ಗುಟ್ಟು. ಆಧುನಿಕ ಜಾಝ್ ಕಡೆಗೆ ಹೊರಳಲು ಬ್ಯಾಂಜೋಕ್ಕೆ ಒಂದು ಬಾಗಿಲು ಇದ್ದದ್ದೂ ಇಲ್ಲಿಯೇ ಎಂದು ನನಗೆ ತೋರುತ್ತದೆ.

ಜಾಝ್ ಫ್ಯೂಷನ್ನಿನ ಕಥೆಯನ್ನು ಚಿಕ್ಕದಾಗಿಯೇ ಹೇಳಿಬಿಡಬಹುದು. 1969, 70ರ ಹೊತ್ತಿಗೆ ಮೈಲ್ಸ್ ಡೇವಿಸ್ ಜಾಝಿಗೆ ವಿದ್ಯುತ್ ವಾದ್ಯಗಳನ್ನೂ ರಾಕ್ ಸಂಗೀತದ ತಾಳವನ್ನೂ ತಂದ. ಅವನ ಜೊತೆ ನುಡಿಸಿದವರು ಬೇರೆ ಬೇರೆ ತಂಡಗಳನ್ನು ಕಟ್ಟಿದರು. ಜಾನ್ ಮೆಕ್‌ಲಾಫ್ಲಿನ್‌ನ ಮಹಾವಿಷ್ಣು ಆರ್ಕೆಸ್ಟ್ರಾ, ಚಿಕ್ ಕೊರಿಯಾನ ರಿಟರ್ನ್ ಟು ಫಾರೆವರ್, ವೆದರ್ ರಿಪೋರ್ಟ್ ಇವು ಅದರ ಹೆಸರಾಂತ ಫಲಗಳು. ತೊಡಕಾದ ತಾಳಗಳು, ಒಂದೇ ಉಸಿರಿನಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವ ಅತಿವೇಗದ ಸ್ವರಪಂಕ್ತಿಗಳು ಮತ್ತು ಒಬ್ಬೊಬ್ಬರಿಗೂ ಸರದಿಯಂತೆ ಮನೋಧರ್ಮಕ್ಕೆ ಬಿಟ್ಟುಕೊಡುವ ಜಾಗ, ಇವು ಅದರ ಲಕ್ಷಣಗಳು. ಸರದಿಯಂತೆ ನುಡಿಸುವ ಪದ್ಧತಿ ಬ್ಲೂಗ್ರಾಸಿನಲ್ಲಿಯೂ ಇದೆ. ವ್ಯತ್ಯಾಸವಿರುವುದು ಸ್ವರಮೇಳದಲ್ಲಿ: ಬ್ಲೂಗ್ರಾಸಿನ ಎಷ್ಟೋ ಹಾಡುಗಳು ಮೂರು ಕಾರ್ಡ್‌ಗಳಲ್ಲಿ, ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಮೂರು ಗುಂಪುಗಳಲ್ಲಿ, ಮುಗಿದರೆ, ಜಾಝಿನಲ್ಲಿ ಕಾರ್ಡ್‌ಗಳು ಕಾಲಿನಡಿಯ ಮರಳಿನಂತೆ ಜರುಗುತ್ತಲೇ ಇರುತ್ತವೆ. ಒಂದೇ ಶ್ರುತಿಗೆ ಕಟ್ಟಿಹಾಕಿದ ಗಿಡ್ಡ ತಂತಿಯ ವಾದ್ಯವನ್ನು ಇಂಥ ಜರುಗುವ ನೆಲದ ಮೇಲೆ ನಡೆಸುವುದು ಸುಲಭದ ಮಾತಲ್ಲ.

ಆ ಕೆಲಸವನ್ನು ಕೈಗೆತ್ತಿಕೊಂಡ ಬೇಲಾ ಫ್ಲೆಕ್ ಹುಟ್ಟಿದ್ದು ಹಳ್ಳಿಗಾಡಿನಲ್ಲಲ್ಲ, 1958ರ ನ್ಯೂಯಾರ್ಕ್ ನಗರದಲ್ಲಿ. ಅವನ ಹೆಸರು ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್‌ನಿಂದ ಬಂದದ್ದು. ದೂರದರ್ಶನದ ಒಂದು ಹಾಸ್ಯ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಅರ್ಲ್ ಸ್ಕ್ರಗ್ಸ್‌ನ ಬ್ಯಾಂಜೋ ಕೇಳಿ ಮರುಳಾದ ಹುಡುಗನಿಗೆ, ಹದಿನೈದನೆಯ ವಯಸ್ಸಿನಲ್ಲಿ ಅಜ್ಜ ಆ ವಾದ್ಯವನ್ನು ತಂದುಕೊಟ್ಟರು. 1981ರಿಂದ 1989ರವರೆಗೆ ಸ್ಯಾಮ್ ಬುಷ್‌ನ ನ್ಯೂ ಗ್ರಾಸ್ ರಿವೈವಲ್ ತಂಡದಲ್ಲಿ ನುಡಿಸುತ್ತಿದ್ದ ಅವನಿಗೆ, 1988ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ‘ಲೋನ್ಸಮ್ ಪೈನ್ ಸ್ಪೆಷಲ್’ ಎಂಬ ದೂರದರ್ಶನ ಕಾರ್ಯಕ್ರಮಕ್ಕಾಗಿ ತನಗಿಷ್ಟ ಬಂದವರೊಡನೆ ನುಡಿಸುವ ಅವಕಾಶ ದೊರೆಯಿತು. ಅದಕ್ಕಾಗಿ ಕೂಡಿಕೊಂಡ ನಾಲ್ವರೇ ಫ್ಲೆಕ್‌ಟೋನ್ಸ್ ಆದರು. ವಿಕ್ಟರ್ ವೂಟನ್ ತನ್ನ ಕೈಚಳಕವನ್ನು ಫ್ಲೆಕ್‌ಗೆ ಮೊದಲು ಕೇಳಿಸಿದ್ದು ಟೆಲಿಫೋನಿನಲ್ಲಿ.

ವಿಕ್ಟರ್ ಐವರು ಸಹೋದರರಲ್ಲಿ ಕಿರಿಯವನು. ಸರಿಯಾಗಿ ಮಾತು ಬರುವ ಮೊದಲೇ ಅಣ್ಣಂದಿರ ನಡುವೆ ಬಾಸ್ ಕಲಿತವನು. ಬಾಸ್ ಗಿಟಾರ್ ಎಂದರೆ ಹಿಂದೆ ನಿಂತು ಆಧಾರ ಕೊಡುವ ವಾದ್ಯ ಎಂಬ ಭಾವನೆ ಅವನನ್ನು ಕೇಳಿದ ಮೇಲೆ ಉಳಿಯುವುದಿಲ್ಲ. ಹೆಬ್ಬೆರಳಿನಿಂದ ತಂತಿಯನ್ನು ಕೆಳಕ್ಕೂ ಮೇಲಕ್ಕೂ ಹೊಡೆಯುವ, ಎರಡೂ ಕೈಗಳಿಂದ ಮೆಟ್ಟಿಲುಗಳ ಮೇಲೆ ತಟ್ಟಿ ಪಿಯಾನೊದಂತೆ ನುಡಿಸುವ ಅವನ ವಿಧಾನಗಳನ್ನು ಬಾಸ್ ಕಲಿಯುವವರು ಇಂದಿಗೂ ಅಭ್ಯಾಸ ಮಾಡುತ್ತಾರೆ. ಅವನ ಅಣ್ಣ ಫ್ಯೂಚರ್ ಮ್ಯಾನ್ ನುಡಿಸುವ ‘ಡ್ರಮಿಟಾರ್’ ಇನ್ನೂ ವಿಲಕ್ಷಣ. ಗಿಟಾರಿನ ಆಕಾರದ ಒಂದು ಸಿಂಥಸೈಜರ್ ವಾದ್ಯವನ್ನು ಮಾರ್ಪಡಿಸಿ, ಅದರ ಗುಂಡಿಗಳನ್ನು ಬೆರಳುಗಳಿಂದ ಒತ್ತಿದಾಗ ಡ್ರಮ್ಮಿನ ನಾದಗಳು ಬರುವಂತೆ ಅವನು ಮಾಡಿಕೊಂಡ. ಪಾಶ್ಚಾತ್ಯ ಕೇಳುಗರಿಗೆ ಇದು ವಿಜ್ಞಾನದ ಕೌತುಕವೆನಿಸಿತು. ಆದರೆ ಕೋಲಿನ ಬದಲು ಬೆರಳಿನಿಂದ ಲಯ ನುಡಿಸುವುದು ಮೃದಂಗ, ಖಂಜಿರ, ತಬಲಾಗಳ ನಾಡಿನವರಿಗೆ ಹೊಸದಲ್ಲ. ಡ್ರಮಿಟಾರಿನ ಸಣ್ಣ ಸಣ್ಣ ನುಡಿಗಳು ನಮ್ಮ ಕಿವಿಗೆ ಬೇಗ ಒಗ್ಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ನಾಲ್ಕನೆಯ ಕುರ್ಚಿ. ಅದರಲ್ಲಿ ಮೊದಲು ಕುಳಿತವನು ಹೊವರ್ಡ್ ಲೀವಿ. ಅವನು ಪಿಯಾನೊ ವಾದಕ. ಜೊತೆಗೆ ನಮ್ಮ ಜಾತ್ರೆಗಳಲ್ಲಿ ಮಕ್ಕಳಿಗೆ ಕೊಡಿಸುವ ಮೌತ್ ಆರ್ಗನ್ನಿನ ವಾದಕ. ಹತ್ತು ರಂಧ್ರಗಳ ಆ ಪುಟ್ಟ ವಾದ್ಯವನ್ನು ತಯಾರಿಸುವುದು ಒಂದೇ ಶ್ರುತಿಯ ಸ್ವರಗಳಿಗಾಗಿ, ನಡುವಿನ ಎಷ್ಟೋ ಸ್ವರಗಳು ಅದರಲ್ಲಿ ಇರುವುದೇ ಇಲ್ಲ. ಊದುವ ಬಾಯಿಯ ಆಕಾರವನ್ನೂ ಗಾಳಿಯ ಒತ್ತಡವನ್ನೂ ಬದಲಿಸಿ, ವಾದ್ಯದಲ್ಲಿಲ್ಲದ ಸ್ವರಗಳನ್ನು ಹೊರಡಿಸುವ ತಂತ್ರವನ್ನು ಲೀವಿ ಎಷ್ಟು ಬೆಳೆಸಿದನೆಂದರೆ, ಹನ್ನೆರಡು ಸ್ವರಸ್ಥಾನಗಳೂ ಅವನಿಗೆ ಒಂದೇ ಮೌತ್ ಆರ್ಗನ್ನಿನಲ್ಲಿ ಕೈವಶವಾದವು. ವೇದಿಕೆಯ ಮೇಲೆ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪಿಯಾನೊ ನುಡಿಸುವುದೂ ಅವನ ರೂಢಿ. ತಂಡಕ್ಕೆ ಇದರಿಂದ ಎರಡು ಲಾಭಗಳಾದವು. ಮೀಟಿದೊಡನೆ ಆರಿಹೋಗುವ ನಾದದ ಬ್ಯಾಂಜೋ ಪಕ್ಕದಲ್ಲಿ ಉಸಿರಿನಿಂದ ಹುಟ್ಟಿ ಬೇಕಾದಷ್ಟು ಹೊತ್ತು ನಿಲ್ಲುವ ನಾದ ಬಂತು; ಜರುಗುವ ಕಾರ್ಡ್‌ಗಳಿಗೆ ಪಿಯಾನೊದ ಆಧಾರ ಸಿಕ್ಕಿತು.

ಲೀವಿ ಇದ್ದ ಮೊದಲ ಅವಧಿಯ ಆಲ್ಬಮ್‌ಗಳು ಮೂರು. ತಂಡದ ಹೆಸರನ್ನೇ ಹೊತ್ತ 1990ರ ಮೊದಲ ಆಲ್ಬಮ್ಮಿನಲ್ಲಿ ‘ಸಿನಿಸ್ಟರ್ ಮಿನಿಸ್ಟರ್’, ‘ಸನ್‌ಸೆಟ್ ರೋಡ್’ ಮುಂತಾದ ರಚನೆಗಳಿವೆ. ಮುಂದೆ ಎಷ್ಟೋ ವರ್ಷ ವೇದಿಕೆಯ ಮೇಲೆ ಬೆಳೆಯುತ್ತ ಹೋದ ರಚನೆಗಳ ಬೀಜರೂಪ ಇಲ್ಲಿ ಸಿಗುತ್ತದೆಯಾದರೂ, ಡ್ರಮಿಟಾರಿನ ಧ್ವನಿಯಲ್ಲಿ ಆ ಕಾಲದ ಯಂತ್ರದ ಗುರುತು ಸ್ವಲ್ಪ ಹೆಚ್ಚಾಗಿ ಉಳಿದಿದೆ. 1991ರ ‘ಫ್ಲೈಟ್ ಆಫ್ ದ ಕಾಸ್ಮಿಕ್ ಹಿಪ್ಪೊ’ ಬಿಲ್‌ಬೋರ್ಡ್ ಪತ್ರಿಕೆಯ ಸಮಕಾಲೀನ ಜಾಝ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಮೊದಲ ರಚನೆಯ ಹೆಸರು ‘ಬ್ಲೂ-ಬಾಪ್’. ಬ್ಲೂಗ್ರಾಸ್ ಮತ್ತು ಜಾಝಿನ ಬೀಬಾಪ್ ಎಂಬ ಎರಡು ಶಬ್ದಗಳ ಸಮಾಸ ಅದು; ಈ ತಂಡ ಏನು ಮಾಡಹೊರಟಿದೆ ಎಂಬುದನ್ನು ನಾಲ್ಕೈದು ನಿಮಿಷಗಳಲ್ಲಿ ತಿಳಿಯಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ರಾಷ್ಟ್ರಗೀತೆಯನ್ನೂ ಬೀಟಲ್ಸ್‌ನ ‘ಮಿಷೆಲ್’ ಹಾಡನ್ನೂ ಇದರಲ್ಲಿ ನುಡಿಸಿದ್ದಾರೆ. ಪರಿಚಿತ ಹಾಡಿನ ಜಾಡು ಹಿಡಿದು ಅಪರಿಚಿತ ಶೈಲಿಯನ್ನು ಹೊಕ್ಕು ನೋಡಲು ಇವು ಅನುಕೂಲ.

1992ರ ‘ಯುಎಫ್ಓ ಟೋಫು’ ನಾನು ಮೊದಲೇ ಹೇಳಿದ ಆಲ್ಬಮ್. ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರನ್ನು ಬರೆದರೆ ನಮ್ಮ ‘ವಿಕಟಕವಿ’ಯಂತೆ ಹಿಂದುಮುಂದಾಗಿ ಓದಿದರೂ ಒಂದೇ. ಹೆಸರಿನಲ್ಲಿ ಕಾಣುವ ಈ ಚೇಷ್ಟೆ ಆಲ್ಬಮ್ಮಿನ ಒಳಗೂ ಇದೆಯಾದರೂ ಅದು ಬರಿಯ ಕಸರತ್ತಾಗಿ ನಿಲ್ಲುವುದಿಲ್ಲ. ‘ದ ವೆಸ್ಟ್ ಕೌಂಟಿ’ಯಲ್ಲಿ ಮಾಧುರ್ಯ ಮುಂದೆ ಬಂದು ವೇಗ ಹಿಂದೆ ಸರಿಯುತ್ತದೆ, ‘ಮ್ಯಾಜಿಕ್ ಫಿಂಗರ್ಸ್’ನಲ್ಲಿ ಬ್ಯಾಂಜೋ ಮತ್ತು ಮೌತ್ ಆರ್ಗನ್ ಎರಡೂ ಒಂದೇ ವಾದ್ಯವೋ ಎಂಬಂತೆ ಓಡುತ್ತವೆ, ವಿಕ್ಟರನ ‘ಸೆಕ್ಸ್ ಇನ್ ಎ ಪ್ಯಾನ್’ ಬಾಸ್ ಗಿಟಾರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡುತ್ತದೆ. (ಆ ಹೆಸರು ಒಂದು ಸಿಹಿತಿಂಡಿಯದು, ಮನೆಯಲ್ಲಿ ಹಿರಿಯರ ಮುಂದೆ ಆಲ್ಬಮ್ಮಿನ ಹಿಂಬದಿಯನ್ನು ಓದಿ ಹೇಳುವವರು ಇದನ್ನು ತಿಳಿದಿರುವುದು ಒಳ್ಳೆಯದು.) ಮೂರು ವರ್ಷ ಒಟ್ಟಿಗೆ ಊರೂರು ಸುತ್ತಿ ನುಡಿಸಿದ ನಾಲ್ವರಲ್ಲಿ ಬೆಳೆದಿದ್ದ ಹೊಂದಾಣಿಕೆ ಈ ಆಲ್ಬಮ್ಮಿನಲ್ಲಿ ಕೇಳುತ್ತದೆ: ಯಾರೂ ತಮ್ಮ ಸರದಿಗಾಗಿ ಕಾಯುತ್ತ ಕುಳಿತಂತೆ ಅನಿಸುವುದಿಲ್ಲ. ಒಂದೇ ಒಂದು ಆಲ್ಬಮ್ ಕೊಳ್ಳುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

1992ರ ಕೊನೆಯಲ್ಲಿ ಲೀವಿ ತಂಡವನ್ನು ಬಿಟ್ಟ. ಕುರ್ಚಿ ಖಾಲಿಯಾಯಿತು. ಉಳಿದ ಮೂವರು ಹೊರತಂದ 1993ರ ‘ತ್ರೀ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ತನ್ನ ಹೆಸರಿನಲ್ಲಿಯೇ ಮೂವರ ಲೆಕ್ಕವನ್ನು ಒಪ್ಪಿಸುತ್ತದೆ. ಪಿಯಾನೊ ಇಲ್ಲದ ಜಾಗವನ್ನು ತುಂಬಲು ಬಾಸ್ ಮತ್ತು ಬ್ಯಾಂಜೋ ಎರಡೂ ದುಪ್ಪಟ್ಟು ದುಡಿಯುವುದನ್ನು ಗಮನವಿಟ್ಟು ಕೇಳುವವರಿಗೆ, ಅದರಲ್ಲಿಯೂ ಬಾಸ್ ಕಲಿಯುತ್ತಿರುವವರಿಗೆ, ಇದು ಪಾಠಪುಸ್ತಕದಂತಿದೆ. ಉಳಿದವರಿಗೆ ಅಲ್ಲಲ್ಲಿ ಒಣಗಿದಂತೆ ಕೇಳಬಹುದು. ಅವಸರವಾಗಿ ಕೊಳ್ಳಬೇಕಾದದ್ದಲ್ಲ.

ಖಾಲಿ ಕುರ್ಚಿಯ ನಿಜವಾದ ಲಾಭ ಕಾಣಿಸಿದ್ದು 1996ರ ‘ಲೈವ್ ಆರ್ಟ್’ನಲ್ಲಿ. ಇದು 1992ರಿಂದ 1996ರವರೆಗಿನ ಕಛೇರಿಗಳಿಂದ ಆರಿಸಿದ ಎರಡು ಡಿಸ್ಕ್‌ಗಳ ಸಂಗ್ರಹ. ನಾಲ್ಕನೆಯವನಿಲ್ಲ ಎಂದ ಮೇಲೆ ಬಂದ ಅತಿಥಿಗಳೆಲ್ಲ ಅಲ್ಲಿ ಒಂದೊಂದು ಸಂಜೆ ಕುಳಿತು ಹೋದರು: ಪಿಯಾನೊದಲ್ಲಿ ಚಿಕ್ ಕೊರಿಯಾ ಮತ್ತು ಬ್ರೂಸ್ ಹಾರ್ನ್ಸ್‌ಬಿ, ಸ್ಯಾಕ್ಸೊಫೋನಿನಲ್ಲಿ ಬ್ರಾನ್‌ಫರ್ಡ್ ಮಾರ್ಸಾಲಿಸ್, ಮ್ಯಾಂಡೊಲಿನ್ನಿನಲ್ಲಿ ಹಳೆಯ ಒಡನಾಡಿ ಸ್ಯಾಮ್ ಬುಷ್. ಜಾಝಿನ ಕಡೆಯವರೂ ಬ್ಲೂಗ್ರಾಸಿನ ಕಡೆಯವರೂ ಇಷ್ಟು ಸಮನಾಗಿ ಬಂದುಹೋಗುವ ಆಲ್ಬಮ್ ಇವರದು ಬೇರೊಂದಿಲ್ಲ. 1990ರ ‘ಸಿನಿಸ್ಟರ್ ಮಿನಿಸ್ಟರ್’ ಇಲ್ಲಿ ಮತ್ತೆ ಬರುತ್ತದೆ, ಮತ್ತು ಪಾಪ್ ವಾದ್ಯಸಂಗೀತದ ವಿಭಾಗದಲ್ಲಿ 1997ರ ಗ್ರ್ಯಾಮಿಯನ್ನು ಗೆದ್ದದ್ದು ಈ ರೂಪ. ಸ್ಟುಡಿಯೊ ರೂಪವನ್ನೂ ಇದನ್ನೂ ಒಂದರ ಹಿಂದೊಂದು ಕೇಳಬೇಕು. ಒಂದೇ ಕೃತಿಯನ್ನು ಒಬ್ಬರೇ ವಿದ್ವಾಂಸರು ಮೂವತ್ತರಲ್ಲಿ ಮತ್ತು ನಲವತ್ತರಲ್ಲಿ ಹಾಡಿದ್ದನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವ ಅಭ್ಯಾಸವಿರುವ ನಮ್ಮ ರಸಿಕರಿಗೆ ಇದರಿಂದ ಸಿಗುವ ಸುಖ ಬಿಡಿಸಿ ಹೇಳಬೇಕಾದದ್ದಲ್ಲ. ಎರಡನೆಯ ಖರೀದಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಇದು.

1997ರಲ್ಲಿ ಸ್ಯಾಕ್ಸೊಫೋನ್ ವಾದಕ ಜೆಫ್ ಕಾಫಿನ್ ಬಂದು ಕುಳಿತ ಮೇಲೆ ಕುರ್ಚಿ ಹತ್ತು ಹನ್ನೊಂದು ವರ್ಷ ಅವನದಾಯಿತು. ಕನ್ನಡದ ಕಿವಿಗೆ ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥರ ನಾಗಸ್ವರದಂಥ ನಾದ. ಗಮಕಗಳಲ್ಲಿ ಬಳುಕುವ, ಮಂಗಳಕರವಾದ ನಾದ ಅದು. ಕಾಫಿನ್‌ನದು ಬೇರೆ ಬಗೆ. ಒಮ್ಮೊಮ್ಮೆ ಎರಡು ಸ್ಯಾಕ್ಸೊಫೋನುಗಳನ್ನು ಒಟ್ಟಿಗೆ ಬಾಯಿಗಿಟ್ಟು ನುಡಿಸುವ ಅವನು ತಂಡಕ್ಕೆ ಒಂದು ಇಡೀ ಗಾಳಿವಾದ್ಯ ವಿಭಾಗದ ತೂಕವನ್ನು ಕೊಡುತ್ತಾನೆ. ಅದರಿಂದ ತಂಡದ ನಾದ ತುಂಬಿಕೊಂಡಿತು, ಜಾಝಿನ ಕಡೆಗೆ ವಾಲಿತು, ಬ್ಲೂಗ್ರಾಸಿನ ಹುಲ್ಲಿನ ವಾಸನೆ ಕಡಿಮೆಯಾಯಿತು. ಇದು ದೂರಲ್ಲ, ಆಯ್ಕೆ ಮಾಡುವವರು ತಿಳಿದಿರಬೇಕಾದ ಸಂಗತಿ.

ಈ ಅವಧಿಯ ಮೊದಲ ಆಲ್ಬಮ್ ಆದ 1998ರ ‘ಲೆಫ್ಟ್ ಆಫ್ ಕೂಲ್’ನಲ್ಲಿ ಹಾಡುಗಾರಿಕೆಯೂ ಸೇರಿಕೊಂಡಿತು. ‘ಬಿಗ್ ಕಂಟ್ರಿ’ ಎಂಬ ಸುಂದರ ರಚನೆಗಾಗಿ ಇದನ್ನು ನೆನೆಯಬಹುದು, ಆದರೆ ಅದೇ ರಚನೆ ಮುಂದೆ ಕಛೇರಿಯ ಧ್ವನಿಮುದ್ರಣದಲ್ಲಿ ಸಿಗುವುದರಿಂದ ಇದನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ. 2000ದ ‘ಔಟ್‌ಬೌಂಡ್’ ಸಮಕಾಲೀನ ಜಾಝ್ ವಿಭಾಗದಲ್ಲಿ ಗ್ರ್ಯಾಮಿ ಪಡೆಯಿತು. ಅಮೆರಿಕದ ಸಂಯೋಜಕ ಆರನ್ ಕೋಪ್ಲಂಡ್‌ನ ‘ಹೋಡೌನ್’ ಇದರಲ್ಲಿದೆ. ರಷ್ಯಾದ ತುವಾ ಪ್ರಾಂತ್ಯದ ಗಂಟಲು ಗಾಯನದ ಕೊಂಗಾರ್-ಓಲ್ ಒಂಡಾರ್, ತಬಲಾದ ಸಂದೀಪ್ ಬರ್ಮನ್, ಸ್ಟೀಲ್ ಪ್ಯಾನ್ ನುಡಿಸುವ ಆಂಡಿ ನರೆಲ್ ಮತ್ತಿತರ ಅತಿಥಿಗಳು ಇದ್ದಾರೆ. ಮದುವೆಮನೆಯಲ್ಲಿ ನೆಂಟರು ಹೆಚ್ಚಾಗಿ ಮನೆಯವರೇ ಕಾಣದಂತಾಗುವ ಹಾಗೆ ಇಲ್ಲಿ ಅತಿಥಿಗಳ ನಡುವೆ ಬ್ಯಾಂಜೋವನ್ನು ಹುಡುಕಬೇಕಾಗುತ್ತದೆ ಎಂಬುದು ನನ್ನ ಆಕ್ಷೇಪ. ಅದೇ ಅತಿಥಿಗಳಲ್ಲಿ ಕೆಲವರೊಂದಿಗೆ ಕನೆಕ್ಟಿಕಟ್‌ನ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಕ್ವಿಕ್ ಸೆಂಟರ್ ಸಭಾಂಗಣದಲ್ಲಿ ನಡೆದ ಕಛೇರಿ 2002ರಲ್ಲಿ ‘ಲೈವ್ ಅಟ್ ದ ಕ್ವಿಕ್’ ಎಂದು ಹೊರಬಂತು. ಸ್ಟುಡಿಯೊದಲ್ಲಿ ಗೋಜಲಾಗಿ ಕೇಳಿದ್ದು ವೇದಿಕೆಯ ಮೇಲೆ ತಿಳಿಯಾಗುತ್ತದೆ, ಏಕೆಂದರೆ ಅಲ್ಲಿ ಒಬ್ಬರು ನುಡಿಸುವಾಗ ಉಳಿದವರು ಸುಮ್ಮನಿರಲೇಬೇಕು. ಫ್ಲೆಕ್ ಒಬ್ಬನೇ ನುಡಿಸುವ ಜರ್ಮನಿಯ ಸಂಯೋಜಕ ಬಾಖ್‌ನ ಪಿಟೀಲು ಪಾರ್ಟಿಟಾದ (ಹಲವು ಬಿಡಿ ಭಾಗಗಳ ರಚನೆಯ) ಪ್ರೆಲ್ಯೂಡ್ ಎಂಬ ಆರಂಭದ ಭಾಗ ಮತ್ತು ವಿಕ್ಟರನ ‘ಅಮೇಜಿಂಗ್ ಗ್ರೇಸ್’ ಇವೆರಡಕ್ಕಾಗಿಯೇ ಇದನ್ನು ಕೊಳ್ಳಬಹುದು. ಕಾಫಿನ್ ಅವಧಿಯಿಂದ ಒಂದನ್ನು ಮಾತ್ರ ಆರಿಸಬೇಕೆಂದರೆ ನನ್ನ ಕೈ ಇದರ ಮೇಲೆಯೇ ಹೋಗುತ್ತದೆ.

2003ರ ‘ಲಿಟಲ್ ವರ್ಲ್ಡ್ಸ್’ ಮೂರು ಡಿಸ್ಕ್‌ಗಳದ್ದು. ಅದರಿಂದ ಹತ್ತು ರಚನೆಗಳನ್ನು ಆರಿಸಿ ಒಂದೇ ಡಿಸ್ಕಿನ ‘ಟೆನ್ ಫ್ರಮ್ ಲಿಟಲ್ ವರ್ಲ್ಡ್ಸ್’ ಎಂಬ ಸಂಗ್ರಹವನ್ನೂ ಆಗಲೇ ಹೊರತಂದರು. ಮೊದಲು ಅದನ್ನು ಕೇಳಿ, ಹಸಿವು ಉಳಿದರೆ ಮಾತ್ರ ದೊಡ್ಡದಕ್ಕೆ ಹೋಗುವುದು ಜಾಣತನ. 2006ರ ‘ದ ಹಿಡನ್ ಲ್ಯಾಂಡ್’ ಇದಕ್ಕೆ ತದ್ವಿರುದ್ಧ. ಅತಿಥಿಗಳು ಯಾರೂ ಇಲ್ಲ, ನಾಲ್ವರು ಮಾತ್ರ. ಆರಂಭ ಬಾಖ್‌ನ ಎ ಮೈನರ್ ಫ್ಯೂಗ್‌ನಿಂದ. ಫ್ಯೂಗ್ ಎಂದರೆ ಒಬ್ಬರು ಎತ್ತಿಕೊಂಡ ಪಲ್ಲವಿಯನ್ನು ಅವರು ಮುಗಿಸುವ ಮೊದಲೇ ಇನ್ನೊಬ್ಬರು ಬೇರೆ ಸ್ಥಾಯಿಯಲ್ಲಿ ಎತ್ತಿಕೊಂಡು, ಎಲ್ಲ ಎಳೆಗಳೂ ಏಕಕಾಲದಲ್ಲಿ ಹೆಣೆದುಕೊಳ್ಳುವ ರಚನೆ. ಬ್ಯಾಂಜೋ, ಬಾಸ್ ಮತ್ತು ಸ್ಯಾಕ್ಸೊಫೋನುಗಳ ನಾದ ಒಂದಕ್ಕೊಂದು ತೀರ ಬೇರೆಯಾದ್ದರಿಂದ, ಪಿಯಾನೊ ಒಂದರಲ್ಲಿಯೇ ಕೇಳುವುದಕ್ಕಿಂತ ಇಲ್ಲಿ ಎಳೆಗಳನ್ನು ಬಿಡಿಸಿ ಗುರುತಿಸುವುದು ಸುಲಭ. ಈ ಆಲ್ಬಮ್ಮಿಗೂ ಸಮಕಾಲೀನ ಜಾಝ್ ವಿಭಾಗದ ಗ್ರ್ಯಾಮಿ ಬಂತು, ಈ ಸಲ ನನ್ನ ತಕರಾರಿಲ್ಲ. 2008ರ ‘ಜಿಂಗಲ್ ಆಲ್ ದ ವೇ’ ಕ್ರಿಸ್ಮಸ್ ಹಾಡುಗಳದ್ದು. ಅದು ಪಾಪ್ ವಾದ್ಯಸಂಗೀತದ ವಿಭಾಗದಲ್ಲಿ ಗೆದ್ದಿತು. ಡಿಸೆಂಬರ್ ತಿಂಗಳಲ್ಲಿ ಕೇಳಲು ಚೆನ್ನಾಗಿದೆ. ಮೂಲ ಹಾಡುಗಳನ್ನು ಬಾಲ್ಯದಿಂದ ಕೇಳಿ ಬೆಳೆಯದವರಿಗೆ ಅದರಲ್ಲಿಯ ತಮಾಷೆಯ ಅರ್ಧಭಾಗ ತಲುಪುವುದಿಲ್ಲ.

ಅದೇ ವರ್ಷ ಕಾಫಿನ್ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಜೊತೆ ನುಡಿಸಲು ಆರಂಭಿಸಿದ. 2011ರಲ್ಲಿ ಹೊವರ್ಡ್ ಲೀವಿ ತನ್ನ ಹಳೆಯ ಕುರ್ಚಿಗೆ ಮರಳಿದ. ಫಲವೇ ‘ರಾಕೆಟ್ ಸೈನ್ಸ್’. ಹತ್ತೊಂಬತ್ತು ವರ್ಷಗಳ ನಂತರ ಸೇರಿದ ನಾಲ್ವರೂ ಹಳೆಯದನ್ನು ನೆನೆಸಿಕೊಂಡು ಕೂರಲಿಲ್ಲ. ಲೀವಿ ಮತ್ತು ಫ್ಲೆಕ್ ಸೇರಿ ರಚಿಸಿದ ‘ಲೈಫ್ ಇನ್ ಇಲೆವನ್’ ಹೆಸರೇ ಹೇಳುವಂತೆ ಹನ್ನೊಂದರ ಎಣಿಕೆಯಲ್ಲಿ ನಡೆಯುತ್ತದೆ, ಮತ್ತು 2012ರಲ್ಲಿ ವಾದ್ಯರಚನೆಗೆ ಸಲ್ಲುವ ಗ್ರ್ಯಾಮಿ ಅದಕ್ಕೆ ದೊರೆಯಿತು. ಪಾಪ್, ಜಾಝ್, ರಚನೆ ಎಂದು ಒಂದೇ ತಂಡಕ್ಕೆ ಬೇರೆ ಬೇರೆ ವಿಭಾಗಗಳಲ್ಲಿ ಪ್ರಶಸ್ತಿಗಳು ಬಂದಿರುವುದನ್ನು ನೋಡಿದರೆ, ಇವರನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದು ಪ್ರಶಸ್ತಿ ಕೊಡುವವರಿಗೂ ತಿಳಿದಂತೆ ಕಾಣುವುದಿಲ್ಲ. ಪ್ರಶಸ್ತಿಯನ್ನು ಆಯ್ಕೆಯ ಅಳತೆಗೋಲು ಮಾಡಿಕೊಳ್ಳಬಾರದೆಂದು ನಾನು ಹೇಳಿದ್ದು ಇದಕ್ಕಾಗಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬ್ಲೂಗ್ರಾಸ್ ಎಂಬ ಹೆಸರನ್ನು ನಂಬಿ ಈ ತಂಡದ ಯಾವ ಆಲ್ಬಮ್ ಕೊಂಡರೂ ಪಿಟೀಲು ಮ್ಯಾಂಡೊಲಿನ್‌ಗಳ ಶುದ್ಧ ಬ್ಲೂಗ್ರಾಸ್ ಸಿಗುವುದಿಲ್ಲ. ಅದು ಬೇಕಾದವರು ಫ್ಲೆಕ್ ತಂಡದಿಂದ ಹೊರಗೆ ಮಾಡಿದ ಕೆಲಸಕ್ಕೆ ಹೋಗಬೇಕು: 1988ರ ‘ಡ್ರೈವ್’, 1999ರ ‘ದ ಬ್ಲೂಗ್ರಾಸ್ ಸೆಷನ್ಸ್’, 2021ರ ‘ಮೈ ಬ್ಲೂಗ್ರಾಸ್ ಹಾರ್ಟ್’. ಎರಡನೆಯದರಲ್ಲಿ ಅರ್ಲ್ ಸ್ಕ್ರಗ್ಸ್‌ನೇ ಜೊತೆಗೆ ನುಡಿಸಿದ್ದಾನೆ. ಬ್ಯಾಂಜೋದ ಆಫ್ರಿಕನ್ ತವರನ್ನು ಹುಡುಕಿಕೊಂಡು ಫ್ಲೆಕ್ ಯುಗಾಂಡಾ, ಟಾಂಜಾನಿಯಾ, ಗ್ಯಾಂಬಿಯಾ, ಮಾಲಿ ದೇಶಗಳಿಗೆ ಹೋಗಿ ಅಲ್ಲಿಯ ಕಲಾವಿದರೊಡನೆ ಮಾಡಿದ ಧ್ವನಿಮುದ್ರಣಗಳು ‘ಥ್ರೋ ಡೌನ್ ಯುವರ್ ಹಾರ್ಟ್’ ಎಂಬ ಹೆಸರಿನಲ್ಲಿ 2009ರಲ್ಲಿ ಬಂದವು.

ಭಾರತೀಯ ಸಂಗೀತದ ಕಡೆಯಿಂದ ಬರುವವರಿಗೆ ಇನ್ನೂ ಹತ್ತಿರದ ದಾರಿಯಿದೆ. ಮೋಹನವೀಣೆಯ ವಿಶ್ವಮೋಹನ ಭಟ್ಟರು ಮತ್ತು ಎರಡು ತಂತಿಗಳ ಚೀನೀ ಪಿಟೀಲಾದ ಎರ್‌ಹು ವಾದಕಿ ಜೀ-ಬಿಂಗ್ ಚೆನ್ ಜೊತೆಗೆ ಫ್ಲೆಕ್ ನುಡಿಸಿದ ‘ಟಬುಲಾ ರಾಸಾ’ 1996ರದು. ಅಲ್ಲಿ ಜಾರುವ ನಾದದ ಎರಡು ವಾದ್ಯಗಳ ನಡುವೆ ಜಾರಲಾರದ ಬ್ಯಾಂಜೋ ತನ್ನ ಜಾಗವನ್ನು ಕಂಡುಕೊಳ್ಳುವ ಬಗೆಯೇ ಕುತೂಹಲಕರ. ಝಾಕಿರ್ ಹುಸೇನ್, ಬಾಸ್ ವಾದಕ ಎಡ್ಗರ್ ಮೇಯರ್ ಮತ್ತು ಫ್ಲೆಕ್ ಡೆಟ್ರಾಯಿಟ್ ಸಿಂಫನಿ ಆರ್ಕೆಸ್ಟ್ರಾದೊಡನೆ ನುಡಿಸಿದ ‘ದ ಮೆಲೊಡಿ ಆಫ್ ರಿದಮ್’ 2009ರಲ್ಲಿ ಹೊರಬಂತು. ಈ ಮೂವರಿಗೆ ಬಾನ್ಸುರಿಯ ರಾಕೇಶ್ ಚೌರಾಸಿಯಾ ಸೇರಿ 2023ರಲ್ಲಿ ತಂದ ‘ಆಸ್ ವಿ ಸ್ಪೀಕ್’ ಮರುವರ್ಷ ಎರಡು ಗ್ರ್ಯಾಮಿಗಳನ್ನು ಪಡೆಯಿತು. ಅದೇ 2024ರ ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು; ಆ ಆಲ್ಬಮ್ಮನ್ನು ಈಗ ಕೇಳುವಾಗ ಮನಸ್ಸು ಬೇರೆಯೇ ಆಗುತ್ತದೆ. ಜಾಝ್ ಮತ್ತು ಕೊನ್ನಕೋಲುಗಳ ಕೂಡಿಕೆ ಬೆಂಗಳೂರಿಗಂತೂ ಹೊಸದಲ್ಲ. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ ‘ಜ್ಯೋತಿ’ ಎಂಬ ಆಲ್ಬಮ್ಮನ್ನು ತಂದದ್ದು 1983ರಲ್ಲಿ, ಫ್ಲೆಕ್‌ಟೋನ್ಸ್ ಹುಟ್ಟುವುದಕ್ಕಿಂತ ಐದು ವರ್ಷ ಮೊದಲು.

ಆದ್ದರಿಂದ ತಾಳದ ಕಿವಿಯುಳ್ಳ ಕನ್ನಡಿಗರಿಗೆ ನಾನು ಹೇಳುವ ಕ್ರಮ ಉಳಿದವರಿಗೆ ಹೇಳುವುದಕ್ಕಿಂತ ಸ್ವಲ್ಪ ಬೇರೆ. ಅವರು ‘ಯುಎಫ್ಓ ಟೋಫು’ವಿಗೂ ಮೊದಲು ‘ರಾಕೆಟ್ ಸೈನ್ಸ್’ನ ‘ಲೈಫ್ ಇನ್ ಇಲೆವನ್’ ಒಂದನ್ನು ಕೇಳಬೇಕು. ಮಿಶ್ರಜಾತಿ ತ್ರಿಪುಟಕ್ಕೂ ಹನ್ನೊಂದೇ ಅಕ್ಷರಗಳೆಂದು ಏಳು, ಎರಡು, ಎರಡರ ಲೆಕ್ಕದಲ್ಲಿ ಕೈಹಾಕಲು ಹೊರಟರೆ ಒತ್ತುಗಳು ಕೈಗೆ ಒಪ್ಪದೆ ಜಾರಿಹೋದಾವು. ಒಮ್ಮೆ ಲೆಕ್ಕವನ್ನು ಬಿಟ್ಟು ಬಾಸ್ ಗಿಟಾರಿನ ನಡೆಯನ್ನು ಮಾತ್ರ ಹಿಂಬಾಲಿಸುವುದು ಒಳ್ಳೆಯದು. ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ಆವರ್ತನ ಎಲ್ಲಿ ಮುಗಿದು ಎಲ್ಲಿ ಮೊದಲಾಗುತ್ತದೆ ಎಂಬುದು ಕೈಗೆ ಸಿಕ್ಕ ಮೇಲೆ 1992ಕ್ಕೆ ಹಿಂದಿರುಗಿ ಅದೇ ನಾಲ್ವರನ್ನು ಅವರ ಹರೆಯದಲ್ಲಿ ಕೇಳಬಹುದು, ಅಲ್ಲಿಂದ ‘ಲೈವ್ ಆರ್ಟ್’ನ ಖಾಲಿ ಕುರ್ಚಿಗೆ ಹೋಗಬಹುದು. ಕಾಫಿನ್‌ನ ಸ್ಯಾಕ್ಸೊಫೋನ್ ಅದಾದ ಮೇಲೆ.